ಕಾರಣ ಕೇಳುವ ಹಕ್ಕು

ಸ್ನಾತಕೋತ್ತರ ತರಗತಿಯಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಪಾಠ ಮಾಡುವಾಗ, ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದ ಚಲನಚಿತ್ರವನ್ನೂ ವಿದ್ಯಾರ್ಥಿಗಳಿಗೆ ತೋರಿಸುವುದು ನನ್ನ ರೂಢಿ. ಚಂದ್ರಿಯಾಗಿ ಅಭಿನಯಿಸಿದ ಸ್ನೇಹಲತಾ ರೆಡ್ಡಿಯವರು ಮುಂದೆ ಏನಾದರೆಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಅವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಸುಮಾರು ಎಂಟು ತಿಂಗಳಿದ್ದು, ಪೆರೋಲಿನ ಮೇಲೆ ಹೊರಬಂದ ಐದು ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರೆಂದು ಹೇಳುತ್ತೇನೆ. “ಅವರ ಅಪರಾಧವೇನು ಸಾರ್?” ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ, ಏಕೆಂದರೆ ಯಾವ ನ್ಯಾಯಾಲಯವೂ ಅದನ್ನು ವಿಚಾರಿಸಿ ಹೇಳಲಿಲ್ಲ.

ವ್ಯಕ್ತಿಸ್ವಾತಂತ್ರ್ಯ ಮತ್ತು ರಾಷ್ಟ್ರದ ಭದ್ರತೆಯ ಮಾತು ಬಂದಾಗಲೆಲ್ಲ ನಮ್ಮ ಲೇಖಕರೂ ಭಾಷಣಕಾರರೂ ತಕ್ಕಡಿಯ ರೂಪಕವನ್ನು ಬಳಸುತ್ತಾರೆ. ಒಂದು ತಟ್ಟೆಯಲ್ಲಿ ಪ್ರಜೆಯ ಸ್ವಾತಂತ್ರ್ಯ, ಇನ್ನೊಂದರಲ್ಲಿ ನಾಡಿನ ಕ್ಷೇಮ. ಎರಡೂ ಸಮ ತೂಗಬೇಕಂತೆ. ರೂಪಕಗಳನ್ನು ಬಿಡಿಸಿ ನೋಡುವುದು ನನ್ನ ವೃತ್ತಿಯಾದುದರಿಂದ ಒಂದು ಮಾತು ಕೇಳಬೇಕೆನಿಸುತ್ತದೆ. ತಕ್ಕಡಿಯನ್ನು ಹಿಡಿದವರು ಯಾರು? ಹಿಡಿದವರೇ ಒಂದು ತಟ್ಟೆಯ ವಾರಸುದಾರರೂ ಆಗಿದ್ದರೆ ತೂಕವನ್ನು ಪರೀಕ್ಷಿಸುವವರು ಯಾರು? ತುರ್ತು ಪರಿಸ್ಥಿತಿಯ ಕಾಲದ ಕಾಗದಪತ್ರಗಳನ್ನು ಓದಿದಷ್ಟೂ, ಆಗ ಕಳೆದುಹೋದದ್ದು ಸಮತೋಲನವಲ್ಲ, ತೂಕವನ್ನು ಪ್ರಶ್ನಿಸುವ ಅವಕಾಶ ಎಂದು ನನಗೆ ತೋರುತ್ತದೆ.

ಆ ಕಾಲದ ಕ್ರಮವನ್ನು ಸಂಕ್ಷೇಪವಾಗಿ ನೆನೆಯಬಹುದು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಎರಡೇ ದಿನಗಳಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶವು ಸಂವಿಧಾನದ 14, 21 ಮತ್ತು 22ನೆಯ ವಿಧಿಗಳ ಜಾರಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅಮಾನತಿನಲ್ಲಿಟ್ಟಿತು. 1971ರ ಆಂತರಿಕ ಭದ್ರತಾ ಕಾಯಿದೆ, ಅಂದರೆ ‘ಮೀಸಾ’ಕ್ಕೆ ತಿದ್ದುಪಡಿಗಳಾಗಿ, ಬಂಧನದ ಕಾರಣವನ್ನು ಬಂದಿಗೂ ನ್ಯಾಯಾಲಯಕ್ಕೂ ತಿಳಿಸಬೇಕಾಗಿಲ್ಲವೆಂದಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರು ಇಲ್ಲಿಯೇ ಬಂಧಿತರಾಗಿ ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಇಂಥ ಅರ್ಜಿಗಳನ್ನು ವಿಚಾರಿಸುವ ಅಧಿಕಾರ ತಮಗಿದೆಯೆಂದು ದೇಶದ ಒಂಬತ್ತು ಉಚ್ಚ ನ್ಯಾಯಾಲಯಗಳು ಹೇಳಿದುವು; ಕರ್ನಾಟಕದ್ದೂ ಅವುಗಳಲ್ಲೊಂದು.

ಇವೆಲ್ಲವೂ ಸರ್ವೋಚ್ಚ ನ್ಯಾಯಾಲಯದಲ್ಲಿ ಜಬಲ್‌ಪುರ ಪ್ರಕರಣವೆಂಬ ಹೆಸರಿನಲ್ಲಿ ಕೂಡಿಕೊಂಡುವು. ವಿಚಾರಣೆಯಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು: ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ? ತಮ್ಮ ವಾದದಂತೆ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದು ಉತ್ತರವಾಗಿತ್ತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ಸರ್ಕಾರದ ಪರವಾಗಿ ತೀರ್ಪಿತ್ತರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಬಹುಮತದಲ್ಲಿದ್ದ ನ್ಯಾಯಮೂರ್ತಿ ಬೇಗ್ ಅವರು ಬಂದಿಗಳಿಗೆ ದೊರೆಯುತ್ತಿದ್ದ ಆರೈಕೆಯನ್ನು ತಾಯಿಯ ಆರೈಕೆಗೆ ಹೋಲಿಸಿದ್ದಾರೆ. ತೀರ್ಪಾದ ನಾಲ್ಕನೆಯ ದಿನ, ಮೇ 2ರಂದು, ಆಸ್ತಮಾದಿಂದ ನರಳುತ್ತಿದ್ದ ಸ್ನೇಹಲತಾ ಬಂಧಿತರಾದರು. ಅವರ ಸೆರೆಮನೆಯ ದಿನಚರಿ ಅನಂತರ ಅಚ್ಚಾಗಿದೆ. ಬೇಗ್ ಅವರ ಹೋಲಿಕೆಯನ್ನೂ ಆ ದಿನಚರಿಯನ್ನೂ ಸಂಶೋಧಕ ಮಿತ್ರರು ಒಟ್ಟಿಗಿಟ್ಟು ಓದಬೇಕು. ಉಪಮೆಯೊಂದು ಇಷ್ಟು ಕ್ರೂರವಾಗಬಲ್ಲದೆಂದು ಯಾವ ಅಲಂಕಾರಶಾಸ್ತ್ರವೂ ನನಗೆ ಕಲಿಸಿರಲಿಲ್ಲ.

ಪ್ರಭುತ್ವದ ಪಕ್ಷವನ್ನೂ ಹೇಳದೆ ಬಿಡಬಾರದು. ರೈಲು ಹಳಿಗಳನ್ನೂ ಸರ್ಕಾರಿ ಕಟ್ಟಡಗಳನ್ನೂ ಸಿಡಿಸುವ ಸಂಚೆಂದು ದಾಖಲಾದ ಬರೋಡ ಡೈನಮೈಟ್ ಪ್ರಕರಣದ ಹಿನ್ನೆಲೆಯಲ್ಲಿ ಅವರ ಬಂಧನವಾಯಿತು. ಆ ಪ್ರಕರಣದ ಮುಖ್ಯ ಆರೋಪಿ ಜಾರ್ಜ್ ಫರ್ನಾಂಡಿಸರು ರೆಡ್ಡಿ ದಂಪತಿಗಳ ಸ್ನೇಹಿತರು. ಡೈನಮೈಟು ಆಟದ ವಸ್ತುವಲ್ಲ. ಅದರ ಸುಳಿವು ಸಿಕ್ಕ ಮೇಲೂ ಕೈಕಟ್ಟಿ ಕುಳಿತ ಸರ್ಕಾರವನ್ನು ಯಾರೂ ಮೆಚ್ಚುವುದಿಲ್ಲ. ಬಂಧಿಸಿ ಪ್ರಶ್ನಿಸಿದ್ದೇ ತಪ್ಪೆಂದು ನಾನು ವಾದಿಸಲಾರೆ. ಆದರೆ ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಸ್ನೇಹಲತಾ ಅವರ ಹೆಸರಿರಲಿಲ್ಲ. ಹೆಸರಿಲ್ಲದಿದ್ದರೂ ಮೀಸಾದಡಿ ಸೆರೆ ಮುಂದುವರಿಯಿತು. ಅಲ್ಲಿಯವರೆಗೆ ಭದ್ರತೆಯೆನ್ನಬಹುದಾಗಿದ್ದ ಕ್ರಮ ಆ ಘಟ್ಟದಲ್ಲಿ ಬೇರೇನೋ ಆಯಿತು. ಏಕೆ ಇನ್ನೂ ಒಳಗಿಟ್ಟಿದ್ದೀರಿ ಎಂದು ಒಬ್ಬ ನ್ಯಾಯಾಧೀಶ ಕೇಳುವಂತಿದ್ದರೆ ದೇಶದ ಯಾವ ಗುಟ್ಟೂ ಬಯಲಾಗುತ್ತಿರಲಿಲ್ಲ. ಹೆಚ್ಚೆಂದರೆ, ಹೇಳಲು ಕಾರಣವಿಲ್ಲವೆಂಬ ಗುಟ್ಟು ಹೊರಬೀಳುತ್ತಿತ್ತು.

ಹೇಬಿಯಸ್ ಕಾರ್ಪಸ್ ಎಂಬ ಲ್ಯಾಟಿನ್ ಪದಪುಂಜದಲ್ಲಿರುವುದು ದೇಹ. ದೇಹವನ್ನು ಮುಂದೆ ತಂದು ನಿಲ್ಲಿಸು, ಹಿಡಿದಿಟ್ಟುದಕ್ಕೆ ಕಾರಣ ಹೇಳು, ಎಂಬುದು ಅದರ ತಾತ್ಪರ್ಯ. ‘ಸಂಸ್ಕಾರ’ದ ಅಗ್ರಹಾರದಲ್ಲಿಯೂ ಇರುವುದು ಯಾರೂ ಹೊಣೆ ಹೊರದ ಒಂದು ದೇಹವೇ. ಪಂಡಿತರು ವಿಧಿನಿಷೇಧಗಳ ಚರ್ಚೆಯಲ್ಲಿ ಮುಳುಗಿರುವಾಗ ಚಂದ್ರಿ ಆ ದೇಹಕ್ಕೆ ರಾತ್ರೋರಾತ್ರಿ ಬೆಂಕಿ ಕಾಣಿಸಿ ಹೊರಟುಹೋಗುತ್ತಾಳೆ. ಆ ಪಾತ್ರವನ್ನು ಮಾಡಿದವರ ದೇಹದ ಹೊಣೆಯನ್ನು ಆರು ವರ್ಷಗಳ ತರುವಾಯ ಯಾರೂ ಕೇಳುವಂತಿರಲಿಲ್ಲ. ಈ ಸಾದೃಶ್ಯವನ್ನು ಹೆಚ್ಚು ಎಳೆಯಲು ನನಗಿಷ್ಟವಿಲ್ಲ. ತರಗತಿಯಲ್ಲಿಯೂ ಇಷ್ಟೇ ಹೇಳಿ ನಿಲ್ಲಿಸುತ್ತೇನೆ.

1977ರ ಜನವರಿಯಲ್ಲೇ ಖನ್ನಾ ಅವರನ್ನು ಬದಿಗೊತ್ತಿ ಕಿರಿಯರಾದ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು, ಖನ್ನಾ ರಾಜೀನಾಮೆಯಿತ್ತರು. 1978ರ 44ನೆಯ ತಿದ್ದುಪಡಿಯು, ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ವಿಧಿಗಳನ್ನು ಅಮಾನತುಗೊಳಿಸಲಾಗದೆಂದು ಕಟ್ಟುಮಾಡಿತು. 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಜಬಲ್‌ಪುರ ತೀರ್ಪನ್ನು ಅಲ್ಲಿ ತಿರಸ್ಕರಿಸಿ ಬರೆದವರು ಡಿ.ವೈ. ಚಂದ್ರಚೂಡ್, 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್ ಅವರ ಮಗ. ಅದೇ ತೀರ್ಪು ರಾಷ್ಟ್ರೀಯ ಭದ್ರತೆಯನ್ನು ಪ್ರಭುತ್ವದ ನ್ಯಾಯಸಮ್ಮತ ಉದ್ದೇಶವೆಂದೂ ಒಪ್ಪಿದೆ. ಆದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ಕೈಗೊಂಡ ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ತಕ್ಕಡಿಯ ಮಾತಿಗಿಂತ ಇದು ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ, ಏಕೆಂದರೆ ಇಲ್ಲಿ ಸಮರ್ಥನೆಯ ಭಾರ ಕಿತ್ತುಕೊಳ್ಳುವವನ ಮೇಲಿದೆ.

ಇಷ್ಟಾದರೂ ಕಥೆ ಮುಗಿದಂತಲ್ಲ. ಮೀಸಾ ರದ್ದಾದ ಮೇಲೆ 1980ರಲ್ಲಿ ಬಂದ ರಾಷ್ಟ್ರೀಯ ಭದ್ರತಾ ಕಾಯಿದೆಯಡಿ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಒಬ್ಬರನ್ನು ಸೆರೆಯಲ್ಲಿಡಬಹುದು. ಬಂಧನದ ಕಾರಣವನ್ನೇನೋ ತಿಳಿಸಬೇಕು. ಆದರೆ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು ಅಧಿಕಾರಿಗೆ ತೋರಿದ ಸಂಗತಿಗಳನ್ನು ಮುಚ್ಚಿಡಬಹುದೆಂದು ಸಂವಿಧಾನದ 22ನೆಯ ವಿಧಿಯ ಆರನೆಯ ಉಪವಿಧಿ ಹೇಳುತ್ತದೆ. ಅದಿರುವುದು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಯೇ.