ತುಂಗಭದ್ರೆಯ ಎಡದಂಡೆಯ ಸಂಸಾರಗಳು

ಹುಬ್ಬಳ್ಳಿಯಿಂದ ಗುಂತಕಲ್ಲಿನ ಕಡೆಗೆ ಸಾಗುವ ರೈಲು ಗದಗನ್ನು ದಾಟಿದ ಮೇಲೆ ಎರೆಯ ಬಯಲು ಹಿಂದೆ ಸರಿದು, ಹೆಬ್ಬಂಡೆಗಳ ಗುಡ್ಡಗಳು ಒಂದೊಂದಾಗಿ ತಲೆಯೆತ್ತತೊಡಗುತ್ತವೆ. ಕೋಟೆಯ ಬೆಟ್ಟ ಕಂಡಿತೆಂದರೆ ಕೊಪ್ಪಳ ಬಂದಿತೆಂದೇ ಲೆಕ್ಕ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಹೆಸರಿಸಿದ ಕೋಪಣನಗರವೇ ಇದು. ಇಲ್ಲಿಯ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಬಂಡೆಗಲ್ಲಿನ ಶಾಸನಗಳಿವೆ. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ಇದರ ಪಾಲಿಗೆ ಬಂದವು.

ಪ್ರವಾಸಿಗಳು ಇಲ್ಲಿ ಶಾಸನವನ್ನೂ ಗುಡಿಯನ್ನೂ ಅರಸಿ ತಿರುಗುತ್ತಾರೆ. ಅದೇ ದಾರಿಗಳಲ್ಲಿ ಬೇರೊಂದನ್ನು ಅರಸಿ ತಿರುಗುವವರೂ ಉಂಟು. ಗಂಡನಿಗೋ ಹೆಂಡತಿಗೋ ಉನ್ಮಾದ-ಖಿನ್ನತೆಯ ಕಾಯಿಲೆ ತಗಲಿದ ಮನೆಯವರು ಅವರು. ಈಗಿನ ವೈದ್ಯರು ಅದನ್ನು ಬೈಪೋಲಾರ್ ಕಾಯಿಲೆ ಎನ್ನುತ್ತಾರೆ. ಕೆಲವು ಕಾಲ ಮನಸ್ಸು ಅಂಕೆಮೀರಿ ಏರುತ್ತದೆ. ನಿದ್ದೆ ಬೇಡವಾಗುತ್ತದೆ, ಮಾತಿಗೆ ಕೊನೆಯಿರುವುದಿಲ್ಲ, ಇಲ್ಲದ ಹಣವನ್ನು ವೆಚ್ಚಮಾಡುವ ಧೈರ್ಯ ಬರುತ್ತದೆ. ಮತ್ತೆ ಕೆಲವು ಕಾಲ ಹಾಸಿಗೆಯಿಂದ ಏಳಲಾರದಷ್ಟು ಕುಗ್ಗಿಹೋಗುತ್ತದೆ. ಇವೆರಡರ ನಡುವೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಆ ಮನುಷ್ಯ ಎಂದಿನ ಮನುಷ್ಯನೇ ಆಗಿರುತ್ತಾನೆ. ಜೊತೆಗಾರರು ಮಾಡಬೇಕಾದ ಕೆಲಸದ ಬಹುಪಾಲು ಈ ನೆಮ್ಮದಿಯ ದಿನಗಳಿಗೆ ಸೇರಿದ್ದು.

ಅದನ್ನು ತಿಳಿಯಲು ಮುನಿರಾಬಾದಿನ ಅಣೆಕಟ್ಟು ಒಳ್ಳೆಯ ಪಾಠಶಾಲೆ. ೧೯೫೩ರಲ್ಲಿ ನೀರು ನಿಲ್ಲಿಸಿಕೊಂಡ ಈ ಕಟ್ಟೆ ನದಿಯನ್ನು ಇಲ್ಲವಾಗಿಸಲಿಲ್ಲ. ಅದರ ಏರಿಳಿತವನ್ನು ಹದಕ್ಕೆ ತಂದಿತು. ಅದಕ್ಕೆ ನಾಲ್ಕು ವರ್ಷ ಮೊದಲು, ೧೯೪೯ರಲ್ಲಿ, ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಎಂಬ ಲವಣದಿಂದ ಉನ್ಮಾದ ಶಮನವಾಗುವುದನ್ನು ಪ್ರಕಟಿಸಿದ್ದರು. ಆ ಔಷಧದ ಕೆಲಸವೂ ಇದೇ ಬಗೆಯದು. ಕಾಯಿಲೆಯನ್ನು ಬೇರುಸಹಿತ ಕೀಳದಿದ್ದರೂ ಪ್ರವಾಹವನ್ನು ತಡೆಯುತ್ತದೆ. ಹೊಳೆ ಶಾಂತವಾಗಿದೆಯೆಂದು ಕಟ್ಟೆಯನ್ನು ಕೆಡವುವವರಿಲ್ಲ. ಆದರೆ ಗುಣವಾಯಿತೆಂದು ಗುಳಿಗೆ ನಿಲ್ಲಿಸುವವರು ಬಹಳ. ೨೦೨೪ರ ಆಗಸ್ಟಿನಲ್ಲಿ ಈ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ನೀರು ಭೋರ್ಗರೆಯುತ್ತಿರುವಾಗಲೇ ತಾತ್ಕಾಲಿಕ ಗೇಟನ್ನು ಇಳಿಸಬೇಕಾಯಿತು. ಸರಪಳಿಯನ್ನು ಶಾಂತಕಾಲದಲ್ಲಿ ನೋಡಿಕೊಳ್ಳಬೇಕೆಂಬುದು ಸಂಸಾರಕ್ಕೂ ಸಲ್ಲುವ ಮಾತು. ಕಾಯಿಲೆ ಮರುಕಳಿಸುವ ಮುನ್ಸೂಚನೆಗಳು ಯಾವುವು, ಆಗ ಹಣದ ಪೆಟ್ಟಿಗೆ ಯಾರ ಕೈಯಲ್ಲಿರಬೇಕು, ಯಾವ ವೈದ್ಯರಲ್ಲಿಗೆ ಹೋಗಬೇಕು ಎಂಬುದನ್ನು ಇಬ್ಬರೂ ಕೂಡಿ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಚಿಕಿತ್ಸೆಯ ಬಗ್ಗೆ ಇಂಥ ಇಚ್ಛೆಯನ್ನು ಮುಂಚಿತವಾಗಿ ಬರೆದಿಡಲು, ತನ್ನ ಪರವಾಗಿ ಮಾತನಾಡುವವರನ್ನು ನೇಮಿಸಲು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅವಕಾಶ ಕೊಟ್ಟಿದೆ.

ಅಣೆಕಟ್ಟಿಗೆ ಅನತಿದೂರದಲ್ಲಿ ಹುಲಿಗೆಮ್ಮನ ಸನ್ನಿಧಿ. ಹುಣ್ಣಿಮೆಗೆ ಇಲ್ಲಿ ಜನಸಾಗರವೇ ಸೇರುತ್ತದೆ. ಜನವರಿಯ ಗವಿಮಠದ ಜಾತ್ರೆಯ ಗದ್ದಲವನ್ನಂತೂ ಹೇಳತೀರದು. ಬೇನೆ ಬಿದ್ದವರಿಗಾಗಿ ಹರಕೆ ಹೊರುವುದು ಈ ನಾಡಿನ ನಡೆ. ಅದರಿಂದ ಮನಸ್ಸಿಗೆ ಬಲ ಬರುವುದೂ ಉಂಟು. ಹರಕೆಯೂ ಗುಳಿಗೆಯೂ ಒಟ್ಟಿಗೆ ನಡೆಯಬಹುದು. ಎಚ್ಚರ ಬೇಕಾದುದು ರಾತ್ರಿಯ ವಿಷಯದಲ್ಲಿ. ನಿದ್ದೆಗೆಟ್ಟ ಒಂದೆರಡು ರಾತ್ರಿಗಳೇ ಕೆಲವರಲ್ಲಿ ಉನ್ಮಾದವನ್ನು ಕೆರಳಿಸಬಲ್ಲವು. ಜಾತ್ರೆಗೆ ಹೋಗಲಿ, ತೇರನ್ನು ನೋಡಲಿ. ಜಾಗರಣೆಯನ್ನು ಮಾತ್ರ ಬೇರೆಯವರಿಗೆ ಬಿಡಲಿ.

ಎಡದಂಡೆಯ ಕಾಲುವೆಯ ಗುಂಟ ಸಾಗಿದರೆ ಗಂಗಾವತಿ. ಒಂದು ಕಡೆ ಆನೆಗೊಂದಿಯ ಬಂಡೆಗಳು, ಅಂಜನಾದ್ರಿಯ ಬಿಳಿಯ ಮೆಟ್ಟಿಲುಗಳು. ಇನ್ನೊಂದು ಕಡೆ ಕಣ್ಣು ಹಾಯುವವರೆಗೂ ಬತ್ತದ ಗದ್ದೆಗಳು, ಅಕ್ಕಿ ಗಿರಣಿಗಳು. ಇಷ್ಟು ಬೆಳೆಯುವ ನಾಡಿನಲ್ಲಿ ಕ್ರಿಮಿನಾಶಕದ ಡಬ್ಬಿ ಮನೆಯ ಮೂಲೆಯಲ್ಲಿಯೇ ಇರುವುದು ಸಹಜ. ಖಿನ್ನತೆಯ ಕಾಲದಲ್ಲಿ ಅದು ಮಹಾ ಅಪಾಯ. ಅದನ್ನು ಮನೆಯಿಂದ ಹೊರಗೆ, ಬೀಗದೊಳಗೆ ಇಡುವುದೂ ಪ್ರಾಣ ಉಳಿಸುವ ಚಿಕಿತ್ಸೆಯೇ. “ಸಾಯಬೇಕೆನಿಸುತ್ತಿದೆಯೆ?” ಎಂದು ಬಾಯಿಬಿಟ್ಟು ಕೇಳಿದರೆ ಆ ಯೋಚನೆಯನ್ನು ಹುಟ್ಟಿಸಿದಂತಾಗುವುದಿಲ್ಲ. ಕೇಳುವವರು ಒಬ್ಬರಿದ್ದಾರೆಂಬುದೇ ಎಷ್ಟೋ ಜನರಿಗೆ ಆಸರೆ. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್‌ನ ೧೪೪೧೬ ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿ ರೋಗಿಯೂ ಜೊತೆಗಾರರೂ ಕನ್ನಡದಲ್ಲಿಯೇ ಮಾತನಾಡಬಹುದು.

ಗಂಗಾವತಿಯ ಹಸಿರನ್ನು ಬಿಟ್ಟು ಉತ್ತರಕ್ಕೆ ತಿರುಗಿದರೆ ಕುಷ್ಟಗಿಯ ಸೀಮೆ. ಇಲ್ಲಿ ಬೇಸಾಯ ಮಳೆಯನ್ನು ನಂಬಿದ್ದು. ಮಳೆ ಕೈಕೊಟ್ಟ ವರ್ಷ ಸಂಸಾರಗಳು ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೊರಡುತ್ತವೆ. ಗಂಟುಮೂಟೆಯಲ್ಲಿ ರೊಟ್ಟಿಗೆ ಸ್ಥಳವಿರುತ್ತದೆ. ಔಷಧದ ಚೀಟಿ ಮರೆತುಹೋಗುತ್ತದೆ. ಚಿಕಿತ್ಸೆ ಕಡಿದುಹೋಗುವುದು ಹೀಗೆಯೇ. ಹೊರಡುವ ಮುನ್ನ ವೈದ್ಯರನ್ನು ಕಂಡು ಸಾಕಷ್ಟು ಗುಳಿಗೆಯನ್ನೂ ಚೀಟಿಯನ್ನೂ ಪಡೆದಿಟ್ಟುಕೊಳ್ಳುವುದು ಲೇಸು. ಇಲ್ಲಿಯ ಬೇಸಗೆಯೂ ಲಿಥಿಯಂ ಸೇವಿಸುವವರಿಗೆ ಸುಲಭದ್ದಲ್ಲ. ಬೆವರು ಸುರಿದು ಮೈಯ ನೀರು, ಉಪ್ಪು ಇಳಿದರೆ ಔಷಧವು ರಕ್ತದಲ್ಲಿ ಹೆಚ್ಚಿ ವಿಷವಾಗಬಲ್ಲದು. ನೀರು, ಮಜ್ಜಿಗೆಗಳನ್ನು ಧಾರಾಳವಾಗಿ ಕುಡಿಸಬೇಕು. ಉಪ್ಪನ್ನು ಥಟ್ಟನೆ ಬಿಡಿಸಬಾರದು. ವೈದ್ಯರನ್ನು ಕೇಳದೆ ನೋವಿನ ಗುಳಿಗೆ ನುಂಗಿಸಬಾರದು. ಕೈ ಜೋರಾಗಿ ನಡುಗಿದರೆ, ವಾಂತಿಭೇದಿಯಾದರೆ, ನಡಿಗೆ ತೂರಾಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆಸ್ಪತ್ರೆ ಹಿಂದೆ ಇಷ್ಟು ಹತ್ತಿರವಿರಲಿಲ್ಲ. ಧಾರವಾಡಕ್ಕೋ ಬೆಂಗಳೂರಿಗೋ ಹೋಗಬೇಕಾಗಿತ್ತು. ೧೯೮೫ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಹೊಳೆಯಾಚೆಯ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗಕ್ಕೆ ಕೈಹಾಕಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಔಷಧಿ ಹಳ್ಳಿಯ ಬಳಿಯಲ್ಲೇ ದೊರೆಯುವಂತೆ ಮಾಡಿತು. ೧೯೯೬ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ಈ ಬಳ್ಳಾರಿಯೇ. ಮುಂದೆ ರಾಜ್ಯದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ‘ಮನೋಚೈತನ್ಯ’ ಏರ್ಪಾಡು ಬಂದಿತು. ಕೊಪ್ಪಳದಲ್ಲಿಯೇ ೨೦೧೫ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು.

ಕುಷ್ಟಗಿಯಿಂದ ಪಡುವಣಕ್ಕೆ ಯಲಬುರ್ಗಾ, ಹಿಂದೆ ಸಿಂದ ಅರಸರು ಆಳಿದ ಎರಂಬರಗೆ. ಇಂಥ ಊರುಗಳಲ್ಲಿ ದಾರಿ ಹತ್ತಿರವಾದರೂ ಮನೆಯೊಳಗಿನ ಮಾತು ಹಳೆಯದೇ ಇರುವುದುಂಟು. ಹೆಂಡತಿಗೆ ಕಾಯಿಲೆಯಾದರೆ “ಆಕೀನ ತವರಮನಿಗಿ ಕಳಸಿಬಿಡಪ್ಪಾ” ಎನ್ನುವ ಹಿರಿಯರಿದ್ದಾರೆ. ಗಂಡನಿಗಾದರೆ “ಸುಮ್ಮನ ತಾಳಿಕೋ, ತಂಗಿ” ಎನ್ನುವವರೂ ಅವರೇ. ಎರಡೂ ಚಿಕಿತ್ಸೆಯಲ್ಲ. ಏಟು ತಿನ್ನುತ್ತ ತಾಳಿಕೊಳ್ಳುವುದು ಯಾರ ಧರ್ಮವೂ ಅಲ್ಲ. ಉನ್ಮಾದದಲ್ಲಿ ಆಡಿದ ಮಾತನ್ನು ಕಾಯಿಲೆಯ ಲೆಕ್ಕಕ್ಕೆ ಬರೆಯಬೇಕು, ಆಗ ವಾದಕ್ಕೆ ನಿಲ್ಲಬಾರದು. ಆದರೆ ಅಪಾಯವೆನಿಸಿದಾಗ ನೆರವು ಕರೆಯಲು ಸಂಕೋಚಪಡಬಾರದು. ನೋಡಿಕೊಳ್ಳುವವರಿಗೂ ನಿದ್ದೆ ಬೇಕು, ಮನಸ್ಸು ಬಿಚ್ಚಲು ಒಬ್ಬ ಅಕ್ಕನೋ ಗೆಳೆಯನೋ ಬೇಕು. ವಾರಕ್ಕೊಂದು ದಿನ ಬೇರೆಯವರು ಮನೆ ನೋಡಿಕೊಂಡರೆ ಅದು ದೊಡ್ಡ ಉಪಕಾರ.

ಯಲಬುರ್ಗಾ ಸೀಮೆಯ ದೊಡ್ಡ ಆಕರ್ಷಣೆ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ೧೧೧೨ರಲ್ಲಿ ಕಟ್ಟಿಸಿದ ಇದನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಚೇತರಿಸಿಕೊಂಡ ದಂಪತಿಗಳು ಪ್ರವಾಸ ಹೊರಡಲು ಹಿಂಜರಿಯಬೇಕಾಗಿಲ್ಲ. ಬಿಸಿಲು ತಗ್ಗಿದ ಮಾಗಿಯಲ್ಲಿ ಬರಲಿ, ಗುಳಿಗೆಯ ಡಬ್ಬಿಯನ್ನೂ ನೀರಿನ ತಂಬಿಗೆಯನ್ನೂ ಕೈಚೀಲದಲ್ಲಿಡಲಿ. ಇಟಗಿಯ ಹೊಳಪುಗಲ್ಲಿನ ಕಂಬಗಳನ್ನು ನಿಧಾನವಾಗಿ ನೋಡಿ, ಕುಕನೂರಿನ ನವಲಿಂಗ ಗುಡಿಗಳನ್ನು ಸುತ್ತಿ, ಕತ್ತಲಾಗುವ ಮೊದಲು ಕೊಪ್ಪಳಕ್ಕೆ ಮರಳಿದರೆ ರಾತ್ರಿಯ ಊಟವೂ ನಿದ್ದೆಯೂ ಹೊತ್ತಿಗೆ ಸರಿಯಾಗಿ ಆಗುತ್ತವೆ.