ಅಬೂಕೀರಿನ ಪರಿಪಂಥಿ

ಅಮರಸಿಂಹನು ತನ್ನ ಕೋಶದ ಕ್ಷತ್ರಿಯವರ್ಗದಲ್ಲಿ ಶತ್ರುವಿನ ಹೆಸರುಗಳನ್ನು ಒಂದೊಂದಾಗಿ ಎಣಿಸಿ, ಕಡೆಗೆ ‘ಪರಿಪಂಥಿ’ ಎಂಬುದನ್ನಿಟ್ಟು, ಉಸಿರು ಬಿಡುವುದರೊಳಗಾಗಿ ‘ವಯಸ್ಯ’, ‘ಸ್ನಿಗ್ಧ’ ಎಂದು ಗೆಳೆಯನ ಹೆಸರುಗಳಿಗೆ ತೊಡಗುತ್ತಾನೆ. ಪರಿಪಂಥಿಯೆಂದರೆ ದಾರಿಗೆ ಅಡ್ಡನಿಂತವನು. ಮೂವತ್ತು ವರ್ಷ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸಿದ ನಮಗೆ, ಈ ಸ್ಥಳಕ್ಕೆ ಬಂದಾಗಲೆಲ್ಲ ನೆನಪಾಗುತ್ತಿದ್ದವರು ಇಬ್ಬರು ವಿಮಾನಚಾಲಕರು. ಕೋಶಕ್ಕೂ ವಿಮಾನಕ್ಕೂ ಏನು ನಂಟೆಂದು ವಾಚಕರು ನಗಬಹುದು. ನಮ್ಮ ಮನೆಯಲ್ಲಿಯೂ ನಗುತ್ತಾರೆ.

ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬಂಟಿಯಾಗಿ, ಒಂದು ತಿಂಗಳೊಳಗಾಗಿ, ಮೊದಲು ಹಾರಿದ ಭಾರತೀಯನಿಗೆ 500 ಪೌಂಡು ಬಹುಮಾನವೆಂದು ಆಗಾಖಾನರು ಸಾರಿದ್ದರು. ಯಾವ ಕಡೆಯಿಂದ ಹೊರಟರೂ ಸರಿಯೆ. 1930ರಲ್ಲಿ ಮೂವರು ಕಣಕ್ಕಿಳಿದರು. ಮನಮೋಹನ ಸಿಂಗರು ಕರಾಚಿಯನ್ನು ಮುಟ್ಟಿದರಾದರೂ ಅವಧಿಯು ಮೀರಿತ್ತು. ಉಳಿದಿಬ್ಬರಲ್ಲಿ ಜೆ. ಆರ್. ಡಿ. ಟಾಟಾರವರಿಗೆ 25 ವರ್ಷ. ಆಸ್ಪಿ ಎಂಜಿನಿಯರ್ ಎಂಬುವರಿಗೆ 17, ನಮ್ಮ ಕಾಲೇಜು ಹುಡುಗರ ಪ್ರಾಯ. ಟಾಟಾರವರು ಮೇ 3ರಂದು ಕರಾಚಿಯಿಂದ ಪಶ್ಚಿಮಾಭಿಮುಖವಾಗಿ ಹೊರಟರು. ಆಸ್ಪಿಯವರು ಇಂಗ್ಲೆಂಡಿನಿಂದ ಪೂರ್ವಕ್ಕೆ ಹಾರಿ ಬರುತ್ತಿದ್ದರು. ಓಟದ ಪಂದ್ಯದಲ್ಲಿ ಎದುರಾಳಿಯ ಬೆನ್ನು ಕಾಣುವುದುಂಟು. ಇಲ್ಲಿಯಾದರೋ ಮುಖವನ್ನೇ ಕಾಣಬೇಕು.

ಇಬ್ಬರದೂ ಜಿಪ್ಸಿ ಮಾತ್ ಎಂಬ ಪುಟ್ಟ ವಿಮಾನ. ಮರದ ಚೌಕಟ್ಟಿಗೆ ಬಟ್ಟೆಯನ್ನು ಹೊದಿಸಿ, ರೆಕ್ಕೆಯ ಮೇಲೊಂದು ರೆಕ್ಕೆಯನ್ನಿಟ್ಟು ಮಾಡಿದ್ದು. ಚಾಲಕನ ತಲೆಯ ಮೇಲೆ ಮುಚ್ಚಳವಿಲ್ಲ, ರೇಡಿಯೋ ಇಲ್ಲ, ದಿಕ್ಸೂಚಿ ಮತ್ತು ಮಡಿಲಿನ ನಕ್ಷೆ, ಅಷ್ಟೆ. ವೇಗವು ಗಂಟೆಗೆ ಸುಮಾರು 85 ಮೈಲಿ. ಎದುರುಗಾಳಿ ಬೀಸಿದರೆ ಅದೂ ಇಲ್ಲ. ಇಂಥದರಲ್ಲಿ ಮರುಭೂಮಿಯನ್ನೂ ಸಮುದ್ರವನ್ನೂ ದಾಟುವವನಿಗೆ ಒಂದು ಚಿಕ್ಕ ಕೀಲು ಕೆಟ್ಟರೂ ಸಾಕು, ಪಂದ್ಯ ಹೋಗಲಿ, ಪ್ರಾಣಕ್ಕೇ ಸಂಚಕಾರ.

ಈಜಿಪ್ಟಿನಲ್ಲಿ, ಅಲೆಗ್ಜಾಂಡ್ರಿಯದ ಬಳಿ, ಅಬೂಕೀರ್ ಎಂಬಲ್ಲಿ ಬ್ರಿಟಿಷ್ ವಾಯುಸೇನೆಯ ಠಾಣ್ಯವಿತ್ತು. ಟಾಟಾರವರು ಅಲ್ಲಿ ಇಳಿದು ನೋಡುತ್ತಾರೆ, ಆಸ್ಪಿಯವರು ಹಾರಲಾರದೆ ಕುಳಿತಿದ್ದಾರೆ. ಎಂಜಿನ್ನಿನೊಳಗಣ ಪೆಟ್ರೋಲಿನ ಆವಿಗೆ ಕಿಡಿ ಹೊತ್ತಿಸತಕ್ಕ ಸ್ಪಾರ್ಕ್ ಪ್ಲಗ್ಗು ಬೇಕಾಗಿದೆ, ಬದಲಿಗೆ ಬೇರೊಂದಿಲ್ಲ. ಟಾಟಾರವರು ತಮ್ಮಲ್ಲಿದ್ದ ಹೆಚ್ಚಿನ ಪ್ಲಗ್ಗುಗಳನ್ನು ತೆಗೆದುಕೊಟ್ಟರು. ಆ ಹುಡುಗನೂ ಬರಿಗೈಯಲ್ಲಿ ಬಿಡಲಿಲ್ಲ. ಮುಂದೆ ಸಮುದ್ರವನ್ನು ದಾಟಬೇಕಾಗಿದ್ದ ಎದುರಾಳಿಗೆ, ನೀರಿನಲ್ಲಿ ತೇಲಿಸುವ ತನ್ನ ರಕ್ಷಕ ಅಂಗಿಯನ್ನು ಕೊಟ್ಟನು. ಕೊಟ್ಟವನು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕೊಂಡವನು ಹಂಗೆಂದು ಕುಗ್ಗಲಿಲ್ಲ. ನಮಗೆ ಬಹುಮಾನಕ್ಕಿಂತ ಈ ಅಂಗಿಯ ವಿಷಯವೇ ಹೆಚ್ಚು ರುಚಿಸುತ್ತದೆ.

ಆಸ್ಪಿಯವರೇ ಗೆದ್ದರು, ಅದೂ ಕೆಲವೇ ಗಂಟೆಗಳ ಅಂತರದಿಂದ. ಟಾಟಾರವರು ಇಳಿವಯಸ್ಸಿನಲ್ಲಿ ಇದನ್ನು ಸ್ಮರಿಸುವಾಗಲೂ, ಆ ಗೆಲುವು ಹುಡುಗನಿಗೆ ವಾಯುಸೇನೆಯನ್ನು ಸೇರಲು ನೆರವಾಯಿತೆಂದು ಸಂತೋಷವನ್ನೇ ಪಡುತ್ತಿದ್ದರು. ಟಾಟಾರವರ ಅಂಚೆವಿಮಾನವು 1932ರಲ್ಲಿ ಹಾರಿದ ಕಥೆಯು ಎಲ್ಲರಿಗೂ ಗೊತ್ತು. ಆಸ್ಪಿಯವರು ಕೆಲಕಾಲ ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆಯ ಆಡಳಿತವನ್ನು ನೋಡಿಕೊಂಡು, 1960ರಲ್ಲಿ ಭಾರತೀಯ ವಾಯುಸೇನೆಯ ಮುಖ್ಯಸ್ಥರಾದುದು ಅಷ್ಟಾಗಿ ತಿಳಿಯದು.

ನಾವು ನಿವೃತ್ತರಾಗುವ ಹಿಂದಿನ ವರ್ಷ, ಹತ್ತನೆಯ ತರಗತಿಯಲ್ಲಿ ಮೊದಲ ಸ್ಥಾನಕ್ಕೆ ಹೆಣಗುತ್ತಿದ್ದ ಇಬ್ಬರು ಹುಡುಗರು ಮಾತು ಬಿಟ್ಟರು. ಅಕ್ಕಪಕ್ಕದ ಮನೆಯವರು, ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಬರುತ್ತಿದ್ದವರು. ಒಬ್ಬನು ಜ್ವರದಿಂದ ಹದಿನೈದು ದಿನ ಮಲಗಿದ್ದಾಗ ಮತ್ತೊಬ್ಬನು ನೋಟುಪುಸ್ತಕ ಕೊಡಲಿಲ್ಲ. ಕೊಡಬೇಡವೆಂದು ತಾಯಿಯೇ ಹೇಳಿದ್ದರಂತೆ. ಆ ತಾಯಿಯನ್ನು ದೂಷಿಸುವುದು ಸುಲಭ. ಒಂದೆರಡು ಅಂಕದಿಂದ ಸೀಟು ತಪ್ಪುವ ಕಾಲವಿದು. ನಾವು ಯಾರ ಹೆಸರನ್ನೂ ಎತ್ತದೆ, ಪಾಠದ ನಡುವೆ ಅಬೂಕೀರಿನ ಕಥೆಯನ್ನು ಹೇಳಿದೆವು.

ಪುಸ್ತಕ ಕೊಡದವನೇ ಎದ್ದು ನಿಂತು, “ಪ್ಲಗ್ಗು ಕೊಡದೆ ಇದ್ದಿದ್ದರೆ ಟಾಟಾರವರೇ ಗೆಲ್ಲುತ್ತಿದ್ದರಲ್ಲವೆ, ಸಾರ್?” ಎಂದು ಕೇಳಿದನು.

“ಬಹುಶಃ ಗೆಲ್ಲುತ್ತಿದ್ದರಪ್ಪ” ಎಂದೆವು. ಅದಕ್ಕೆ ಬೇರೆ ಉತ್ತರವಿಲ್ಲ.

ಮಾರನೆಯ ಸಂಜೆ ಪುಸ್ತಕವು ಪಕ್ಕದ ಮನೆಗೆ ಹೋಯಿತು. ಗಣಿತದ ಎರಡು ಹಾಳೆಗಳು ಅದರಲ್ಲಿರಲಿಲ್ಲವೆಂದು ಆಮೇಲೆ ತಿಳಿಯಿತು.