ಶಿರಾಡಿ ಇಳಿಜಾರಿನಲ್ಲಿ ಗಾಳಿ ಹೋದ ರಾತ್ರಿ

ಪೆಡಲ್ ತುಳಿದೆ. ಬ್ರೇಕ್ ಪೂರ್ತಿ ಹಿಡಿಯಲಿಲ್ಲ. ಹಿಂದೆಲ್ಲೋ ಬುಸ್ಸೆಂದಿತು.

"ಅಣ್ಣಾ, ಎಂತ ಸದ್ದು ಅದು?" ಕ್ಲೀನರ್ ಹುಡುಗ ಗಡಬಡಿಸಿ ಎದ್ದು ಕೂತ.

ಹಿಂದಿನ ಬ್ರೇಕಿನ ಗಾಳಿ ಒತ್ತಡದ ಮುಳ್ಳು 7ರಿಂದ 5ಕ್ಕೆ ಬಿದ್ದಿತ್ತು. ಮಾರನಹಳ್ಳಿ ದಾಟಿದ ಇಳಿಜಾರು, ಜುಲೈ ಮಳೆ, ಒಂದು ಬದಿ ಗುಡ್ಡ, ಇನ್ನೊಂದು ಬದಿ ಕೆಂಪುಹೊಳೆ. ಲಾರಿಯ ಬೆನ್ನ ಮೇಲೆ ಪಣಂಬೂರು ಬಂದರಿಗೆ ಹೊರಟ ಕಾಫಿ ಮೂಟೆ. ಆ ಬಂದರಿಗಾಗಿ ಒಕ್ಕಲೆಬ್ಬಿಸಿದವರಿಗೆ ಜಾಗ ಕೊಟ್ಟ ಊರು ನಮ್ಮ ಕಾಟಿಪಳ್ಳ. ಅಜ್ಜನ ಮನೆ ನುಂಗಿದ ಬಂದರಿಗೇ ಮೊಮ್ಮಗನ ಲೋಡು. ಇರಲಿ, ಆ ಮಾತಿಗೆ ಈಗ ಹೊತ್ತಿಲ್ಲ.

ಕಾಲು ಮತ್ತೆ ಮತ್ತೆ ತುಳಿಯಲು ಹವಣಿಸುತ್ತದೆ. ತುಳಿದಷ್ಟೂ ಗಾಳಿ ಖಾಲಿ. ಗಾಳಿ ತೀರಾ ಇಳಿದರೆ ಸ್ಪ್ರಿಂಗ್ ಬ್ರೇಕ್ ತಾನಾಗಿ ಹಿಂದಿನ ಚಕ್ರ ಕಚ್ಚುತ್ತದೆ. ಒದ್ದೆ ತಿರುವಿನಲ್ಲಿ ಚಕ್ರ ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ. ಪುಣ್ಯಕ್ಕೆ ಘಾಟಿಯ ತಲೆಯಲ್ಲೇ ಮೂರನೇ ಗೇರ್ ಹಾಕಿದ್ದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಶೂರರಿಗೆ ಇಂಥ ಹೊತ್ತಲ್ಲಿ ದೇವರೂ ಇಲ್ಲ. ಎಕ್ಸಾಸ್ಟ್ ಬ್ರೇಕ್ ಹಾಕಿದೆ. ಎಂಜಿನ್ ಅರಚಿತು. ವೇಗ ಏರುವುದು ನಿಂತಿತು, ಇಳಿಯಲಿಲ್ಲ.

ತಿರುವಿನಾಚೆ ಬೆಳಕು. ಗ್ಯಾಸಿನ ಬುಲೆಟ್ ಟ್ಯಾಂಕರ್ ಏರಿ ಬರುತ್ತಿದೆ! 2013ರ ಏಪ್ರಿಲ್‌ನಲ್ಲಿ ಪೆರ್ನೆಯಲ್ಲಿ ಇಂಥದ್ದೇ ಒಂದು ಮಗುಚಿ, ಹೊತ್ತಿಕೊಂಡು, ಜನ ಸುಟ್ಟು ಸತ್ತದ್ದನ್ನು ಈ ದಾರಿಯ ಯಾವ ಡ್ರೈವರ್ ಮರೆತಾನು? ಹಾರ್ನ್ ಒತ್ತಿಯೇ ಹಿಡಿದೆ. ಕನ್ನಡಿಗೆ ಕನ್ನಡಿ ತಾಗುವಷ್ಟರಲ್ಲಿ ಅದು ಸರಿದುಹೋಯಿತು.

ಮುಂದೆ ಗುಡ್ಡ ಜರಿದ ಮಣ್ಣಿನ ರಾಶಿ. ಈಗ ತುಳಿದೆ, ಒಂದೇ ಸಲ, ಬಿಡದೆ. ಮುಂದಿನ ಬ್ರೇಕಿನ ಸರ್ಕ್ಯೂಟ್ ಬೇರೆ. ಅದರಲ್ಲಿನ್ನೂ ಗಾಳಿ ಇತ್ತು. ಗಾಡಿ ಮಣ್ಣಿಗೆ ನುಗ್ಗಿ, ಗಡಗಡ ನಡುಗಿ ನಿಂತಿತು.

"ಕಲ್ಲು ಕೊಡು ಮಾರಾಯಾ, ಮೊದಲು ಚಕ್ರಕ್ಕೆ ಕಲ್ಲು ಕೊಡು!"

ಹ್ಯಾಂಡ್‌ಬ್ರೇಕ್ ಎಳೆದು, ಟಾರ್ಚ್ ಹಿಡಿದು ಅಡಿಗೆ ನುಸುಳಿದೆ. ಹುಡುಗ ಮೇಲೆ ಪೆಡಲ್ ತುಳಿದಾಗಷ್ಟೇ ಬುಸ್ಸ್, ಬಿಟ್ಟರೆ ಮೌನ. ಹಾಗಾದರೆ ಟ್ಯಾಂಕಿನದ್ದಲ್ಲ. ಹಿಂದಿನ ಎಡಚಕ್ರದ ಬೂಸ್ಟರಿಗೆ ಅಂಗೈ ಹಿಡಿದೆ. ತೂತಿನಿಂದ ಗಾಳಿ ಬಡಿಯಿತು. ಡಯಾಫ್ರಮ್ ಹರಿದಿದೆ. ಪಕ್ಕದ ಡ್ರಮ್ಮಿನಲ್ಲಿ ಸುಟ್ಟ ಲೈನರಿನ ವಾಸನೆ.

"ಪೈಪ್ ಮಡಚಿ ತಂತಿ ಕಟ್ಟುವನಾ ಅಣ್ಣಾ?"

ಎಷ್ಟೋ ಜನ ಕಟ್ಟುತ್ತಾರೆ. "ಘಾಟಿ ಇನ್ನೂ ಬಾಕಿ ಉಂಟು. ಬೇಡ."

ಬೆಳಗ್ಗೆ ಘಾಟಿಯ ಬುಡದ ಗುಂಡ್ಯ ಕಡೆಯಿಂದ ಬಂದ ಮೆಕ್ಯಾನಿಕ್ ಹೊಸ ಡಯಾಫ್ರಮ್ ಹಾಕಿ, ಬ್ರೇಕಿನ ಸ್ಲ್ಯಾಕ್ ಅಡ್ಜಸ್ಟರ್ ಬಿಗಿ ಮಾಡಿ, ಏರ್ ಟ್ಯಾಂಕಿನ ನೀರು ಬಿಟ್ಟ. ಗಾಳಿ ತುಂಬಿಸಿ, ಪೆಡಲ್ ತುಳಿದು ಹಿಡಿದು, ಮುಳ್ಳು ಅಲುಗದ್ದನ್ನು ನೋಡಿದ ಮೇಲೆಯೇ ಕಲ್ಲು ತೆಗೆಸಿದೆ. ಆದರೂ ಗುಂಡ್ಯದವರೆಗೆ ಎರಡನೇ ಗೇರ್ ಬಿಡಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ.